ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ: ಪರೀಕ್ಷೆ ಹಾಗೂ ಪರಿಹಾರ ಕ್ರಮಗಳು

ಸಾರ್ವಜನಿಕರ ಮಾಹಿತಿಗಾಗಿ

1. ಹಿನ್ನೆಲೆ

ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಖನಿಜಗಳಿಂದ ಫ್ಲೋರೈಡ್ ಕರಗಿ ಅಂತರ್ಜಲವನ್ನು ಸೇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಕೊಪ್ಪಳ, ರಾಯಚೂರು, ಗದಗ ಮುಂತಾದ ಜಿಲ್ಲೆಗಳ ಅನೇಕ ಗ್ರಾಮಗಳಲ್ಲಿ ಈ ಸಮಸ್ಯೆ ಕಂಡುಬಂದಿದೆ. ಫ್ಲೋರೈಡ್‌ಗೆ ಬಣ್ಣ, ವಾಸನೆ, ರುಚಿ ಇಲ್ಲದಿರುವುದರಿಂದ ತಿಳಿಯಾದ ಸಿಹಿನೀರಿನಲ್ಲಿಯೂ ಅದು ಅಧಿಕವಾಗಿರಬಹುದು. ಅಕ್ಕಪಕ್ಕದ ಎರಡು ಕೊಳವೆಬಾವಿಗಳಲ್ಲಿ ಪ್ರಮಾಣ ಬೇರೆ ಬೇರೆಯಾಗಿರಬಹುದಾದ ಕಾರಣ ನೆರೆಮನೆಯ ವರದಿಯನ್ನು ಅವಲಂಬಿಸಬಾರದು.

2. ಆರೋಗ್ಯದ ಮೇಲಿನ ಪರಿಣಾಮ

ಶಾಶ್ವತ ಹಲ್ಲುಗಳು ರೂಪುಗೊಳ್ಳುವ ಅವಧಿಯಲ್ಲಿ, ಅಂದರೆ ಸುಮಾರು 8 ವರ್ಷ ವಯಸ್ಸಿನವರೆಗೆ, ಅಧಿಕ ಫ್ಲೋರೈಡ್‌ಯುಕ್ತ ನೀರನ್ನು ಸೇವಿಸುವ ಮಕ್ಕಳ ಹಲ್ಲುಗಳ ಮೇಲೆ ಬಿಳಿ ಅಥವಾ ಕಂದು ಕಲೆಗಳು ಉಂಟಾಗುತ್ತವೆ. ಇವು ಹಲ್ಲುಜ್ಜುವುದರಿಂದ ಹೋಗುವುದಿಲ್ಲ. ಹಲವು ವರ್ಷಗಳ ಸೇವನೆಯಿಂದ ಕೀಲುನೋವು, ಬೆನ್ನು ಬಿಗಿತ ಹಾಗೂ ಮೂಳೆಗಳ ವಿರೂಪ ಉಂಟಾಗಬಹುದು. ಮೂಳೆಗಳಿಗೆ ಒಮ್ಮೆ ಆದ ಹಾನಿಯನ್ನು ಪೂರ್ಣವಾಗಿ ಸರಿಪಡಿಸುವ ಔಷಧಿ ಇಲ್ಲ. ಆದ್ದರಿಂದ ಮುಂಚಿತವಾಗಿ ನೀರನ್ನು ಪರೀಕ್ಷಿಸುವುದು ಅತ್ಯವಶ್ಯಕ.

3. ಅನುಮತಿಸಲಾದ ಮಿತಿ

ಭಾರತೀಯ ಮಾನಕ ಐಎಸ್ 10500:2012 ರ ಪ್ರಕಾರ ಪ್ರತಿ ಲೀಟರ್ ನೀರಿನಲ್ಲಿ:

ಅ) 1.0 ಮಿಲಿಗ್ರಾಂವರೆಗೆ: ಸ್ವೀಕಾರಾರ್ಹ.
ಆ) 1.0 ರಿಂದ 1.5 ಮಿಲಿಗ್ರಾಂ: ಬೇರೆ ಜಲಮೂಲ ಇಲ್ಲದಿದ್ದಲ್ಲಿ ಮಾತ್ರ ಬಳಸಬಹುದು.
ಇ) 1.5 ಮಿಲಿಗ್ರಾಂ ಮೀರಿದಲ್ಲಿ: ಕುಡಿಯಲು ಹಾಗೂ ಅಡುಗೆಗೆ ಬಳಸತಕ್ಕದ್ದಲ್ಲ. ಸ್ನಾನ, ಬಟ್ಟೆ ಒಗೆಯುವಿಕೆ ಇತ್ಯಾದಿಗಳಿಗೆ ಬಳಸಬಹುದು.

4. ಮಾದರಿ ಸಂಗ್ರಹಣೆ ಮತ್ತು ಸಲ್ಲಿಕೆ

ಅ) ಪಂಪನ್ನು ಕೆಲವು ನಿಮಿಷ ಚಾಲನೆಯಲ್ಲಿಟ್ಟ ನಂತರ ನೀರನ್ನು ಸಂಗ್ರಹಿಸತಕ್ಕದ್ದು.
ಆ) 1 ಲೀಟರ್‌ನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಎರಡು ಮೂರು ಬಾರಿ ತೊಳೆದು ತುಂಬಿಸತಕ್ಕದ್ದು.
ಇ) ಮಾಲೀಕರ ಹೆಸರು, ಗ್ರಾಮ, ಜಲಮೂಲದ ವಿವರ ಹಾಗೂ ದಿನಾಂಕವನ್ನು ಚೀಟಿಯಲ್ಲಿ ಬರೆದು ಬಾಟಲಿಗೆ ಅಂಟಿಸತಕ್ಕದ್ದು.
ಈ) ಮಾದರಿಯನ್ನು ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಸಲ್ಲಿಸಬಹುದು. ಜಲ ಜೀವನ್ ಮಿಷನ್ ಅಡಿಯಲ್ಲಿ 2021 ರಲ್ಲಿ ಇಂತಹ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೂ ಮುಕ್ತಗೊಳಿಸಲಾಯಿತು. ಶುಲ್ಕದ ವಿವರವನ್ನು ಪ್ರಯೋಗಾಲಯದಲ್ಲಿಯೇ ಪಡೆಯತಕ್ಕದ್ದು.

ಗ್ರಾಮ ಮಟ್ಟದ ಪರೀಕ್ಷಾ ಕಿಟ್ ಪ್ರಾಥಮಿಕ ಸೂಚನೆಯನ್ನು ಮಾತ್ರ ನೀಡುತ್ತದೆ. ಅದರಲ್ಲಿ ಅಧಿಕ ಪ್ರಮಾಣ ಕಂಡುಬಂದಲ್ಲಿ ಪ್ರಯೋಗಾಲಯದ ವರದಿ ಪಡೆಯುವುದು ಸೂಕ್ತ.

5. ಪರಿಹಾರ ಕ್ರಮಗಳು

ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುವುದರಿಂದ ಅದರ ಸಾಂದ್ರತೆ ತುಸು ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದು, ಸಾಮಾನ್ಯ ಕ್ಯಾಂಡಲ್ ಫಿಲ್ಟರ್ ಹಾಗೂ ಕ್ಲೋರಿನ್ ಸಹ ಪ್ರಯೋಜನಕ್ಕೆ ಬರುವುದಿಲ್ಲ. ಈ ಕೆಳಕಂಡ ಕ್ರಮಗಳನ್ನು ಅನುಸರಿಸಬಹುದು:

ಅ) ಕುಡಿಯಲು ಮತ್ತು ಅಡುಗೆಗೆ ಪರೀಕ್ಷಿತ ನದಿಮೂಲದ ನಲ್ಲಿ ನೀರನ್ನು ಅಥವಾ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬಳಸುವುದು.
ಆ) ಛಾವಣಿಯ ಮಳೆನೀರನ್ನು ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಿ, ಕುದಿಸಿ ಬಳಸುವುದು. ಮಳೆನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ.
ಇ) ಆರ್.ಒ. ಯಂತ್ರ ಅಥವಾ ಆ್ಯಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಅಳವಡಿಸುವುದು. ಇವುಗಳ ಒಳಭಾಗಗಳನ್ನು ಕಾಲಕಾಲಕ್ಕೆ ಬದಲಿಸದಿದ್ದಲ್ಲಿ ಅಥವಾ ಪುನಶ್ಚೇತನಗೊಳಿಸದಿದ್ದಲ್ಲಿ ಫ್ಲೋರೈಡ್ ಮತ್ತೆ ನೀರಿನಲ್ಲಿ ಉಳಿಯುತ್ತದೆ. ಆರ್.ಒ. ಯಂತ್ರದಿಂದ ಹೊರಬರುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಅದನ್ನು ಜಾನುವಾರುಗಳಿಗೆ ಕುಡಿಸಬಾರದು.
ಈ) ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನದಲ್ಲಿ ಪ್ರಮಾಣವು ನೀರಿನ ಪರೀಕ್ಷಾ ವರದಿಯನ್ನು ಆಧರಿಸಿರುತ್ತದೆ. ಅಂದಾಜಿನ ಮೇಲೆ ಪಟಿಕ ಹಾಕತಕ್ಕದ್ದಲ್ಲ.

6. ವಿಶೇಷ ಸೂಚನೆ

ಹೊಸದಾಗಿ ಕೊಳವೆಬಾವಿ ಕೊರೆಸಿದಾಗ ಅಥವಾ ಇರುವುದನ್ನು ಇನ್ನಷ್ಟು ಆಳಗೊಳಿಸಿದಾಗ, ಹಾಗೂ ಫಿಲ್ಟರ್ ಅಳವಡಿಸಿದ ನಂತರ, ನೀರನ್ನು ಮರುಪರೀಕ್ಷೆ ಮಾಡಿಸುವುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಲ್ಲಿ ವರದಿ ಬರುವವರೆಗೆ ಅವರಿಗೆ ಸುರಕ್ಷಿತವೆಂದು ತಿಳಿದಿರುವ ಮೂಲದ ನೀರನ್ನೇ ನೀಡುವುದು.