ಗಡಿ ಹಿಡಿದವರು

ಬಾಯಾರು ಕೇರಳದ ಕಾಸರಗೋಡಿನಲ್ಲಿದೆ, ಪಕ್ಕದ ಕನ್ಯಾನ ಕರ್ನಾಟಕದಲ್ಲಿ. ಆದರೂ ಬಾಯಾರಿನವರು ಅತ್ತ ಹೊರಟಾಗ ‘ಗಡಿ’ ಎಂಬ ಮಾತು ಎತ್ತುವುದಿಲ್ಲ. ‘ವಿಟ್ಲಕ್ಕೆ ಹೋಗಿ ಬರ್ತೇನೆ’ ಎನ್ನುತ್ತಾರೆ, ಅಷ್ಟೆ.

ಭಾಷಣ, ಮನವಿಪತ್ರ, ಪತ್ರಿಕೆಯ ತಲೆಬರಹಗಳಲ್ಲಿ ಮಾತ್ರ ಈ ಪ್ರದೇಶ ‘ಗಡಿನಾಡು’. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಂಟಿಕೊಂಡ ಹೆಸರಿದು. 2020ರ ಮಾರ್ಚ್‌ನಲ್ಲಿ ಕೊರೊನಾ ಹೆಸರಲ್ಲಿ ರಸ್ತೆಗೆ ಅಡ್ಡಲಾಗಿ ಕೆಂಪು ಮಣ್ಣು ಸುರಿದಾಗ ಆ ಶಬ್ದ ಕಣ್ಣಿಗೂ ಕಂಡಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಮಣ್ಣಿನ ಈಚೆಗೆ ಉಳಿದರು.

ತುಳುನಾಡಿನಲ್ಲಿ ‘ಗಡಿ’ ಶಬ್ದಕ್ಕೆ ಇನ್ನೊಂದು ಬಾಳುವೆಯಿದೆ. ಗುತ್ತಿನ ಮನೆಯ ಹಿರಿಯ ಅಧಿಕಾರ ವಹಿಸಿಕೊಂಡರೆ ‘ಗಡಿ ಹಿಡಿದರು’ ಎನ್ನುತ್ತಾರೆ. ಅಂದಿನಿಂದ ಅವರು ಗಡಿಪ್ರಧಾನರು. ನೇಮದ ಕಳದಲ್ಲಿ ದೈವ ಅವರನ್ನು ಕರೆದು ನುಡಿ ಕೊಡುತ್ತದೆ. ಒಂದು ಕಡೆ ನೆಲದ ಅಂಚು, ಇನ್ನೊಂದು ಕಡೆ ಊರಿನ ನಡುವಿನ ಪೀಠ.

ಅಂಚಿನಲ್ಲಿ ನಿಂತೇ ನಡುವಿನ ಪೀಠ ಹಿಡಿದವರೂ ಇದ್ದಾರೆ. ದೂರದ ಮೆಕ್ಸಿಕೊದವರು ಅಮೆರಿಕದ ಗಡಿಯನ್ನು ‘ಲಾ ಲೀನಿಯಾ’ ಎನ್ನುತ್ತಾರೆ. ‘ಗೆರೆ’ ಎಂದಷ್ಟೇ ಅರ್ಥ. ಗಾಯಕಿ ಲೀಲಾ ಡೌನ್ಸ್ 2001ರಲ್ಲಿ ತಮ್ಮ ಆಲ್ಬಂಗೆ ‘ಬಾರ್ಡರ್’ ಎಂಬುದರ ಜೊತೆಗೆ ಆ ಹೆಸರನ್ನೂ ಇಟ್ಟರು. ಅವರ ತಾಯಿ ಮೆಕ್ಸಿಕೊದ ಓಹಾಕಾದ ಮಿಕ್ಸ್‌ಟೆಕ್ ಸಮುದಾಯದ ಗಾಯಕಿ, ತಂದೆ ಅಮೆರಿಕದ ಪ್ರಾಧ್ಯಾಪಕ. ಗೆರೆ ದಾಟಲು ಹೋಗಿ ಸತ್ತ ವಲಸಿಗರ ನೆನಪಿಗೆ ಅರ್ಪಿಸಿದ ಹಾಡುಗಳವು. ಎರಡು ಕಡೆಯ ಮಗಳು ಅಂಚಿನಲ್ಲಿ ನಿಂತು ಹಾಡಿದ್ದನ್ನು ಲೋಕವೇ ಕಿವಿಗೊಟ್ಟು ಕೇಳಿತು.

ಅಂಥ ಕಂಠಗಳು ಇಲ್ಲಿಯೂ ಇದ್ದವು. ತೆಂಕುತಿಟ್ಟು ಯಕ್ಷಗಾನದ ರಾಮಾಯಣ ಪ್ರಸಂಗಗಳ ಕವಿ ಪಾರ್ತಿಸುಬ್ಬ ಕುಂಬಳೆಯವನು. ಅವನ ಪದಗಳಿಗೂ ಮಲಯಾಳದ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ಇರುವ ನಂಟಿನ ಬಗ್ಗೆ ವಿದ್ವಾಂಸರು ದಶಕಗಟ್ಟಲೆ ವಾದಿಸಿದ್ದಾರೆ. ಯಾರಿಂದ ಯಾರು ಪಡೆದರೆಂಬುದು ಹಾಗಿರಲಿ, ಕನ್ನಡವೂ ಮಲಯಾಳವೂ ಒಂದೇ ಅಂಗಳದಲ್ಲಿ ಬೆಳೆದವೆಂಬುದಂತೂ ಆ ವಾದದಿಂದಲೇ ಗೊತ್ತಾಗುತ್ತದೆ. ಅದೇ ತಿಟ್ಟಿನ ಹಾಡುಗಾರ ಬಲಿಪ ನಾರಾಯಣ ಭಾಗವತರು 1938ರಲ್ಲಿ ಹುಟ್ಟಿದ್ದು ಈಗ ಕೇರಳದಲ್ಲಿರುವ ಪಡ್ರೆಯಲ್ಲಿ, ನೆಲೆಸಿದ್ದು ಮೂಡುಬಿದಿರೆ ಬಳಿಯ ಮಾರೂರಿನಲ್ಲಿ, ಪದ ಹೇಳಿದ್ದು ಕಟೀಲು ಮೇಳದಲ್ಲಿ. ಐದು ದಿನಗಳ ‘ದೇವೀಮಹಾತ್ಮೆ’ ಬರೆದ ಅವರು 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಇಂದಿಗೂ ವೇಷ ಕಟ್ಟುವ ಚೌಕಿಯಲ್ಲಿ ‘ಬಲಿಪ ಶೈಲಿ’ ಎಂದರೆ ಸಾಕು, ಅದು ಯಾವ ರಾಜ್ಯದ್ದೆಂದು ಯಾರೂ ಕೇಳುವುದಿಲ್ಲ. ತೆಂಕುತಿಟ್ಟಿನ ಹಾಡುಗಾರಿಕೆಯ ಮಟ್ಟಿಗೆ ಗಡಿ ಹಿಡಿದವರು ಈ ನೆಲದವರೇ.

ಆದ್ದರಿಂದ ಒಂದು ಕೋರಿಕೆ. ವೇದಿಕೆಯಲ್ಲಿ ಇಲ್ಲಿಯ ಕಲಾವಿದರನ್ನು ಪರಿಚಯಿಸುವವರು ‘ಗಡಿನಾಡಿನವರು’ ಎಂದು ನಿಲ್ಲಿಸದೆ ಊರಿನ ಹೆಸರನ್ನೇ ಹೇಳಲಿ: ಪಡ್ರೆ, ಕುಂಬಳೆ, ಬಾಯಾರು.