ವಾದ ಮತ್ತು ಮನವೊಲಿಕೆ: ಕನ್ನಡ ನಾಡಿನ ಲೋಕವ್ಯವಹಾರದಲ್ಲಿ

ವಾದ ಮತ್ತು ಮನವೊಲಿಕೆ: ಭಿನ್ನಾಭಿಪ್ರಾಯವುಳ್ಳವರು ಬಲಪ್ರಯೋಗಕ್ಕೆ ಎಳಸದೆ, ಕಾರಣ, ನಿದರ್ಶನ, ಸಾಕ್ಷ್ಯ, ಆಣೆ, ಹಿರಿಯರ ಮಾತು ಮೊದಲಾದ ಸಾಧನಗಳಿಂದ ಒಬ್ಬರನ್ನೊಬ್ಬರು ಒಪ್ಪಿಸಲೆತ್ನಿಸುವ ಕಲೆ. ಇದರ ಶಾಸ್ತ್ರೀಯ ಸ್ವರೂಪವನ್ನು ನ್ಯಾಯಸೂತ್ರಗಳು ನಿರೂಪಿಸಿ, ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದ, ಗೆಲುವಿಗಾಗಿ ನಡೆಯುವ ಜಲ್ಪ, ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಖಂಡಿಸುವುದರಲ್ಲಿಯೇ ಮುಗಿಯುವ ವಿತಂಡ ಎಂಬ ಮೂರು ಬಗೆಗಳನ್ನು ಹೇಳಿವೆ. ಪ್ರಸ್ತುತ ಲೇಖನದ ವಿಷಯವು ಆ ಶಾಸ್ತ್ರವಲ್ಲ. ಮನೆ, ಹೊಲ, ದೇವಾಲಯ, ಊರಕಟ್ಟೆಗಳಲ್ಲಿ ಆ ಕಲೆಯು ನಡೆದುಬಂದ ಬಗೆ. ಇದಕ್ಕೆ ಹಾಸನ ಸೀಮೆಯ ದಾಖಲೆಗಳನ್ನು ಮುಖ್ಯ ಆಧಾರವಾಗಿ ಇಟ್ಟುಕೊಂಡಿದೆ.

ಆಕರಗಳ ಸ್ವರೂಪ

ಈ ವಿಷಯದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಮಹಾಪಂಡಿತರ ವಾದವಿಜಯಗಳನ್ನು ಕಾಲಾನುಕ್ರಮವಾಗಿ ಜೋಡಿಸಿ ತೃಪ್ತರಾಗಿರುವುದುಂಟು. ಇದರಿಂದ ಎರಡು ತೊಡಕುಗಳುಂಟಾಗಿವೆ: ಗೆದ್ದವರ ಶಿಷ್ಯಪರಂಪರೆಯು ಶತಮಾನಗಳ ಬಳಿಕ ಬರೆಯಿಸಿದ ಸ್ತುತಿಯು ನಡೆದ ಸಂಗತಿಯ ವರದಿಯೆಂದು ಗಣಿತವಾಗಿದೆ, ನಿತ್ಯಜೀವನದ ವಾದಗಳು ಚರಿತ್ರೆಯ ಹೊರಗೇ ಉಳಿದಿವೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಶ್ರವಣಬೆಳಗೊಳ ಸಂಪುಟವನ್ನು 1889ರಲ್ಲಿಯೂ ಹಾಸನ ಸಂಪುಟವನ್ನು 1902ರಲ್ಲಿಯೂ ಹೊರತಂದ ಮೇಲೆ, ಮೊದಲನೆಯದನ್ನು ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಮೇಲೆ, ಈ ಸೀಮೆಯ ಆಕರಗಳನ್ನು ವಿಂಗಡಿಸಿ ನೋಡುವುದು ಸಾಧ್ಯವಾಯಿತು. ಇವು ಸ್ಥೂಲವಾಗಿ ಮೂರು ವಿಧ: ವಿಜಯವನ್ನು ಹೊಗಳುವ ಪ್ರಶಸ್ತಿಗಳು, ತೀರ್ಮಾನವನ್ನು ದಾಖಲಿಸುವ ಒಡಂಬಡಿಕೆಗಳು, ವಾದದ ಮಾತನ್ನೇ ಉಳಿಸಿಕೊಟ್ಟ ಕಾವ್ಯಗಳು.

ವಿಜಯಪ್ರಶಸ್ತಿಗಳು ಮತ್ತು ಅವುಗಳ ಪ್ರಾಮಾಣ್ಯ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಪಾರ್ಶ್ವನಾಥ ಬಸದಿಯಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿಯು ಮೊದಲನೆಯ ವಿಧಕ್ಕೆ ಉತ್ತಮ ನಿದರ್ಶನ. ಸಮಂತಭದ್ರನು ಪಾಟಲಿಪುತ್ರದಲ್ಲಿ ವಾದಭೇರಿಯನ್ನು ಹೊಡೆದು, ಮಾಳವ, ಸಿಂಧು, ಠಕ್ಕ, ಕಾಂಚಿ, ವಿದಿಶಾ ಮೊದಲಾದೆಡೆಗಳಲ್ಲಿ ಸಂಚರಿಸಿ ಕರಹಾಟಕಕ್ಕೆ ಬಂದನೆಂದೂ, ಅಕಲಂಕನು ಹಿಮಶೀತಲನೆಂಬ ಅರಸನ ಸಭೆಯಲ್ಲಿ ಬೌದ್ಧರನ್ನು ಗೆದ್ದನೆಂದೂ ಅದು ಆಯಾ ಆಚಾರ್ಯರ ಬಾಯಿಂದಲೇ ಹೇಳಿಸುತ್ತದೆ. ಸಮಂತಭದ್ರನ ಕಾಲವನ್ನು ವಿದ್ವಾಂಸರು 2ನೆಯ ಶತಮಾನದಿಂದ 6ನೆಯ ಶತಮಾನದವರೆಗೆ ಬೇರೆ ಬೇರೆಯಾಗಿ ನಿರ್ಣಯಿಸಿದ್ದಾರೆ. ಅಕಲಂಕನು 8ನೆಯ ಶತಮಾನದವನೆಂಬುದು ಬಹುಮತ. ಆದ್ದರಿಂದ ಈ ಪದ್ಯಗಳು ಆ ವಾದಗಳಿಗೆ ಪ್ರತ್ಯಕ್ಷ ಸಾಕ್ಷಿಗಳಲ್ಲ. ವಾದದಲ್ಲಿ ಗೆದ್ದವನೇ ಧರ್ಮವನ್ನು ಎತ್ತಿಹಿಡಿದವನೆಂಬ ಭಾವನೆಯು 12ನೆಯ ಶತಮಾನದ ಜನರಲ್ಲಿ ಎಷ್ಟು ದೃಢವಾಗಿದ್ದಿತೆಂಬುದಕ್ಕೆ ಮಾತ್ರ ಇವು ಬಲವಾದ ಸಾಕ್ಷಿಗಳು.

ಹೊಯ್ಸಳ ಬಿಟ್ಟಿದೇವನ ಮತಾಂತರದ ಕಥೆಯನ್ನೂ ಇದೇ ದೃಷ್ಟಿಯಿಂದ ಪರಿಶೀಲಿಸಬೇಕಾಗುತ್ತದೆ. ತೊಣ್ಣೂರಿನಲ್ಲಿ ರಾಮಾನುಜಾಚಾರ್ಯರು ತೆರೆಯ ಮರೆಯಲ್ಲಿ ಕುಳಿತು, ಆದಿಶೇಷನ ಸಹಸ್ರಮುಖಗಳಿಂದ ಸಹಸ್ರ ಜೈನವಾದಿಗಳಿಗೆ ಏಕಕಾಲದಲ್ಲಿ ಉತ್ತರವಿತ್ತರೆಂದೂ, ಅದರಿಂದ ಅರಸನು ವೈಷ್ಣವನಾದನೆಂದೂ ಗುರುಪರಂಪರೆಯ ಗ್ರಂಥಗಳು ಹೇಳುತ್ತವೆ. ಅಕಲಂಕನ ಕಥೆಯಲ್ಲಿಯೂ ತೆರೆಯ ಮರೆಯಿಂದ ವಾದಿಸುವ ದೇವತೆಯೊಬ್ಬಳು ಬರುವುದನ್ನು ನೆನೆದರೆ, ಎರಡು ಪಂಥಗಳೂ ಒಂದೇ ಕಥೆಯ ಅಚ್ಚನ್ನು ತಮ್ಮ ತಮ್ಮ ವಿಜಯಕ್ಕೆ ಬಳಸಿಕೊಂಡಂತೆ ತೋರುವುದು. ಶಾಸನಗಳ ಚಿತ್ರವಾದರೋ ಬೇರೆ. ವಿಷ್ಣುವರ್ಧನನು (ಬಿಟ್ಟಿದೇವನು) 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಿಸಿದ ಬಳಿಕವೂ ರಾಣಿ ಶಾಂತಲೆಯು ಜೈನಳಾಗಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿಯನ್ನು ಕಟ್ಟಿಸಿದಳು. ಜೈನನಾದ ಗಂಗರಾಜನು ದಂಡನಾಯಕನಾಗಿ ಮುಂದುವರಿದನು. 1133ರಲ್ಲಿ ಗಂಗರಾಜನ ಮಗ ಬೊಪ್ಪನು ದೋರಸಮುದ್ರದಲ್ಲಿ (ಈಗಿನ ಹಳೇಬೀಡಿನಲ್ಲಿ) ಕಟ್ಟಿಸಿದ ಬಸದಿಯ ದೇವರಿಗೆ ಅರಸನೇ ವಿಜಯಪಾರ್ಶ್ವನೆಂದು ಹೆಸರಿಟ್ಟು ದತ್ತಿಯನ್ನು ಬಿಟ್ಟನು. ಒಂದು ದಿನದ ವಾದದಿಂದ ಒಂದು ರಾಜ್ಯದ ಮನಸ್ಸು ಮಗುಚಿತೆಂಬ ಕಥೆಗೂ, ಒಂದೇ ಮನೆಯಲ್ಲಿ ಎರಡು ನಂಬಿಕೆಗಳು ಹೊಂದಿಕೊಂಡು ಬಾಳಿದ ಈ ವಾಸ್ತವಕ್ಕೂ ಇರುವ ಅಂತರವು ಗಮನಾರ್ಹ.

ವ್ಯವಹಾರದ ನಾಲ್ಕು ಪಾದಗಳು

ಲೌಕಿಕ ವಿವಾದಗಳ ಕ್ರಮವನ್ನು ಧರ್ಮಶಾಸ್ತ್ರದ ಚೌಕಟ್ಟಿನಲ್ಲಿ ವಿಶದಪಡಿಸಿದ ಗ್ರಂಥಗಳಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯು ಅಗ್ರಗಣ್ಯ. ವ್ಯವಹಾರಕ್ಕೆ ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂಬ ನಾಲ್ಕು ಪಾದಗಳು. ಅಂದರೆ ದೂರು, ಜವಾಬು, ಸಾಕ್ಷ್ಯ, ನಿರ್ಣಯ. ಇವುಗಳಲ್ಲಿ ಉತ್ತರವು ಮತ್ತೆ ನಾಲ್ಕು ಬಗೆ. ಒಬ್ಬನು ನೂರು ಹಣ ಸಾಲ ಪಡೆದನೆಂದು ದೂರು ಬಂದಾಗ, ಪಡೆದೇ ಇಲ್ಲವೆಂಬುದು ಮಿಥ್ಯೆ. ಪಡೆದದ್ದು ನಿಜವೆಂಬುದು ಸಂಪ್ರತಿಪತ್ತಿ. ಪಡೆದೆ, ಆದರೆ ತೀರಿಸಿದ್ದೇನೆಂಬುದು ಪ್ರತ್ಯವಸ್ಕಂದನ. ಈ ವ್ಯಾಜ್ಯವು ಹಿಂದೆಯೇ ತೀರ್ಮಾನವಾಗಿ ಇವನು ಸೋತಿದ್ದಾನೆಂಬುದು ಪ್ರಾಙ್ನ್ಯಾಯ. ಸಾಕ್ಷ್ಯಕ್ಕೆ ಲಿಖಿತ, ಸಾಕ್ಷಿ, ಭುಕ್ತಿಗಳು ಮಾನುಷ ಪ್ರಮಾಣಗಳು. ಇವು ದೊರೆಯದೆಡೆಯಲ್ಲಿ ದಿವ್ಯ. ಹೊಲದ ಬದು ಒತ್ತಿದನೆಂಬ ಜಗಳದಲ್ಲಿ ಇಂದಿಗೂ ಊರಿನ ಜನರು ಕೊಡುವ ಉತ್ತರಗಳನ್ನು ಕೇಳಿದವರಿಗೆ, ಅಲ್ಲವೆನ್ನುವವನು, ಒಪ್ಪಿಕೊಳ್ಳುವವನು, ಒಪ್ಪಿಯೂ ಬೇರೆ ಕಾರಣ ಹೇಳುವವನು, ಅಪ್ಪನ ಕಾಲದಲ್ಲೇ ಹಿರೀಕರು ಇದನ್ನು ಬಗೆಹರಿಸಿದ್ದಾರೆನ್ನುವವನು, ಹೀಗೆ ನಾಲ್ವರೂ ಆ ಗುಂಪಿನಲ್ಲಿ ಕಾಣಸಿಗುವರು. ಶಾಸ್ತ್ರವು ಲೋಕಕ್ಕೆ ಕಲಿಸಿತೆನ್ನುವುದಕ್ಕಿಂತ ಲೋಕದ ರೂಢಿಯನ್ನು ಶಾಸ್ತ್ರವು ಕ್ರಮಕ್ಕೆ ತಂದಿತೆನ್ನುವುದು ಯುಕ್ತವಾದೀತು.

ಒಡಂಬಡಿಕೆಯ ಶಾಸನಗಳು

ಹಾಸನದಿಂದ ಹೊಳೆನರಸೀಪುರದ ಕಡೆಗೆ ಹೋಗುವಲ್ಲಿರುವ ಮೊಸಳೆ ಗ್ರಾಮದಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲಕ್ಕೆ ಸೇರಿದವೆನ್ನಲಾದ ನಾಗೇಶ್ವರ, ಚೆನ್ನಕೇಶವ ದೇವಾಲಯಗಳು ಒಂದೇ ಅಳತೆ, ಒಂದೇ ವಿನ್ಯಾಸದಿಂದ ಅಕ್ಕಪಕ್ಕದಲ್ಲಿ ನಿಂತಿವೆ. ಇದನ್ನು ಮತಸೌಹಾರ್ದಕ್ಕೆ ಸಾಕ್ಷಿಯೆಂದು ಎತ್ತಿಹೇಳುವುದು ವಾಡಿಕೆ. ಕಟ್ಟಡಗಳ ಸಾಮೀಪ್ಯದಿಂದ ಜನರ ಮನಸ್ಸನ್ನು ಅಳೆಯುವುದು ಕಷ್ಟವಾದರೂ, ಜಗಳವುಂಟಾದಾಗ ಈ ಸೀಮೆಯವರು ಅದನ್ನು ಹೇಗೆ ಮುಗಿಸಿಕೊಂಡರೆಂಬುದಕ್ಕೆ ಎರಡು ಶಾಸನಗಳು ನೇರವಾದ ಆಧಾರವನ್ನೊದಗಿಸುತ್ತವೆ. ಈ ಲೇಖನದ ದೃಷ್ಟಿಯಲ್ಲಿ ವಿಷಯದ ಚರಿತ್ರೆಯ ನಿಜವಾದ ತಿರುವು ಇವುಗಳಲ್ಲಿದೆ.

ಮೊದಲನೆಯದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ 1368ರ ಶಾಸನ. ಭಕ್ತರು, ಎಂದರೆ ಶ್ರೀವೈಷ್ಣವರು, ತಮಗೆ ಅನ್ಯಾಯವೆಸಗಿದರೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಸ್ಥಳಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ, ತಿರುಕುಲ ಜಾಂಬವಕುಲದವರವರೆಗೆ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೂಡಿಸಿ, ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಪಂಚಮಹಾವಾದ್ಯಗಳಿಗೂ ಕಲಶಕ್ಕೂ ಜೈನರಿಗೆ ಮೊದಲಿದ್ದ ಹಕ್ಕು ಸ್ಥಿರವಾಯಿತು. ಅದಕ್ಕಿಂತಲೂ ಗಮನಿಸಬೇಕಾದುದು ಒಪ್ಪಂದದ ಆರ್ಥಿಕ ಭಾಗ: ಜೈನರು ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಕೊಡಬೇಕು; ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು; ಆ ನೇಮಕದ ಹೊಣೆ ವೈಷ್ಣವರ ಪಾಲಿನದು; ಮಿಕ್ಕ ಹಣವು ಜೀರ್ಣ ಜಿನಾಲಯಗಳಿಗೆ ಸಲ್ಲಬೇಕು. ದೂರಿಗೆ ಗುರಿಯಾದ ಪಕ್ಷವನ್ನೇ ದೂರಿತ್ತ ಪಕ್ಷದ ದೇವರಿಗೆ ಕಾವಲಾಗಿಸಿದ ಈ ಉಪಾಯದಲ್ಲಿ, ಒಪ್ಪಿಸಿದ ಮಾತು ಒಪ್ಪಿದವರ ದಿನನಿತ್ಯದ ಕೆಲಸವಾಗಿ ಬೇರೂರುವಂತೆ ಮಾಡಿದ ವಿವೇಕವಿದೆ.

ಎರಡನೆಯದು ಹಳೇಬೀಡಿನ 1638ರ ಶಾಸನ. ಬೇಲೂರಿನ ವೆಂಕಟಾದ್ರಿನಾಯಕನ ಕಾಲದಲ್ಲಿ, ಮೇಲೆ ಹೇಳಿದ ವಿಜಯಪಾರ್ಶ್ವನಾಥ ಬಸದಿಯ ಕಂಬಕ್ಕೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆಯೊತ್ತಲು, ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಜೈನ ಸೆಟ್ಟರ ಬಿನ್ನಹದ ಮೇಲೆ ವೀರಶೈವ ಮಹಾಮಹತ್ತಿನವರು ಸೇರಿ, ಮೊದಲು ವಿಭೂತಿ ವೀಳ್ಯಗಳ ಮರ್ಯಾದೆಯನ್ನು ಸಲ್ಲಿಸಿ, ಅನಂತರ ಜೈನರು ತಮ್ಮ ಪೂಜಾದಿಗಳನ್ನು ಪೂರ್ವದಂತೆ ನಡೆಸಿಕೊಳ್ಳತಕ್ಕದ್ದೆಂದು ತೀರ್ಪಿತ್ತರು. ಇಲ್ಲಿ ಬಲವು ಸಮನಾಗಿರಲಿಲ್ಲವೆಂಬುದು ಸ್ಪಷ್ಟ. ಜೈನರು ತಮ್ಮ ಬಸದಿಯಲ್ಲಿಯೇ ಅನ್ಯಮರ್ಯಾದೆಗೆ ಮೊದಲ ಸ್ಥಾನವನ್ನು ಬಿಟ್ಟುಕೊಡಬೇಕಾಯಿತು. ಆದರೂ ಈ ಒಪ್ಪಂದವನ್ನು ಮುರಿದವನು ತಮ್ಮ ಸಮುದಾಯಕ್ಕೇ ದ್ರೋಹಿಯೆಂದು ಬಲಿಷ್ಠಪಕ್ಷದವರು ತಾವಾಗಿ ಬರೆಯಿಸಿದ್ದರಿಂದ ದುರ್ಬಲರ ಪೂಜೆಯು ಉಳಿಯಿತು. ಎರಡು ಶಾಸನಗಳಲ್ಲಿಯೂ ತೀರ್ಮಾನವು ಪೂರ್ಣವಾಗಿದೆ. ಸಭೆಯಲ್ಲಿ ಯಾರು ಯಾವ ಮಾತಿನಿಂದ ಯಾರ ಮನಸ್ಸನ್ನು ತಿರುಗಿಸಿದರೆಂಬುದು ಮಾತ್ರ ಒಂದರಲ್ಲಿಯೂ ಇಲ್ಲ.

ಕಾವ್ಯಗಳ ಸಾಕ್ಷ್ಯ

ಆ ಮಾತಿನ ಜಾಡನ್ನು ಕಾವ್ಯಗಳಲ್ಲಿ ಅರಸಬೇಕು. ಚಾಲುಕ್ಯರ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನ ಪಂಚತಂತ್ರವು (ಸು. 1031) ವಸುಭಾಗಭಟ್ಟನ ಪರಂಪರೆಯನ್ನನುಸರಿಸಿ, ಕಥೆಯೊಂದು ಹೇಗೆ ವಾದವಾಗಿ ಕೆಲಸಮಾಡುವುದೆಂಬುದನ್ನು ತೋರಿಸುತ್ತದೆ. ಮೊಸಳೆಯ ಗುಡಿಗಳಿಗೆ ಸಮೀಪಕಾಲದ ಜನ್ನನು, ವೀರಬಲ್ಲಾಳನ ಆಸ್ಥಾನಕವಿ, 1209ರ ಯಶೋಧರಚರಿತೆಯಲ್ಲಿ ಮನೆಯೊಳಗಣ ಮನವೊಲಿಕೆಯ ಭೀಕರ ಶಕ್ತಿಯನ್ನು ಚಿತ್ರಿಸಿದ್ದಾನೆ. ದುಃಸ್ವಪ್ನದ ಶಾಂತಿಗಾಗಿ ಪ್ರಾಣಿಬಲಿ ಕೊಡೆಂದು ತಾಯಿಯು ಒತ್ತಾಯಿಸುತ್ತಾಳೆ. ಮಗನು ಹಿಂಸೆಯನ್ನು ಒಲ್ಲೆನೆನ್ನುತ್ತಾನೆ. ಕೊನೆಗೆ ಹಿಟ್ಟಿನ ಕೋಳಿಯಾದರೂ ಆಗಲೆಂಬ ನಡುದಾರಿಗೆ ಅವನು ಮಣಿಯುತ್ತಾನೆ. ಆ ಸಂಕಲ್ಪಹಿಂಸೆಯೇ ತಾಯಿಮಕ್ಕಳಿಬ್ಬರನ್ನೂ ಜನ್ಮಜನ್ಮಾಂತರಗಳಲ್ಲಿ ಅಲೆಸುತ್ತದೆ. ಎಲ್ಲ ರಾಜಿಯೂ ಶ್ರೇಯಸ್ಕರವಲ್ಲ, ತತ್ತ್ವವನ್ನು ಅರೆಪಾಲು ಬಿಟ್ಟುಕೊಟ್ಟವನು ಪೂರ್ತಿ ಬಿಟ್ಟಂತೆಯೇ ಎಂಬ ಕಠಿನ ವಿಚಾರವನ್ನು ಇಷ್ಟು ಸಮರ್ಥವಾಗಿ ನಿರೂಪಿಸಿದ ಕೃತಿಗಳು ವಿರಳ.

ವಚನಕಾರರ ವಿಷಯದಲ್ಲಿ ಆಕರಗಳ ಗೊಂದಲವು ಮತ್ತೆ ತಲೆದೋರುವುದು. ಅಲ್ಲಮಪ್ರಭುವು ಅಕ್ಕಮಹಾದೇವಿಯನ್ನು ಪರೀಕ್ಷಿಸುವ ಪ್ರಸಿದ್ಧ ಸಂವಾದವು ನಮಗೆ ದೊರೆತಿರುವುದು 15ನೆಯ ಶತಮಾನದಿಂದೀಚೆಗೆ ಸಂಕಲಿತವಾದ ಶೂನ್ಯಸಂಪಾದನೆಗಳಲ್ಲಿ. ಸಂಪಾದಕರು ಬಿಡಿ ವಚನಗಳನ್ನು ಪ್ರಶ್ನೋತ್ತರವಾಗಿ ಹೆಣೆದಿದ್ದಾರೆ. ಆದುದರಿಂದ ವಚನಗಳು 12ನೆಯ ಶತಮಾನದವಾದರೂ ವಾದದ ಕಟ್ಟು ಮೂರು ಶತಮಾನಗಳ ಈಚಿನದೆಂಬುದನ್ನು ಮರೆಯಲಾಗದು.

ಕನಕದಾಸನ ರಾಮಧಾನ್ಯಚರಿತೆಯು ಊಟದ ತಟ್ಟೆಯ ಮೇಲಣ ಮೇಲುಕೀಳನ್ನೇ ವ್ಯಾಜ್ಯವನ್ನಾಗಿಸಿದೆ. ಭತ್ತವೂ ರಾಗಿಯೂ ತಾನು ಮೇಲೆಂದು ಬೈದಾಡಲು, ರಾಮನು ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತವು ಕೆಡುತ್ತದೆ, ರಾಗಿಯು ಕೆಡದೆ ಉಳಿದು ಗೆಲ್ಲುತ್ತದೆ. ಕುಲದ ಹೆಮ್ಮೆಗೆ ಮಾತಿನಿಂದ ಉತ್ತರ ಕೊಡದೆ ಕಾಲದ ಪರೀಕ್ಷೆಗೆ ಒಪ್ಪಿಸುವ ಈ ತೀರ್ಪು ಮಿತಾಕ್ಷರೆಯ ಮೂರನೆಯ ಪಾದಕ್ಕೆ ಸರಿಹೊಂದುತ್ತದೆ. ಚಿಕ್ಕದೇವರಾಜನ (1672-1704) ಆಶ್ರಯದಲ್ಲಿದ್ದ ಸಂಚಿಯ ಹೊನ್ನಮ್ಮನು ಹದಿಬದೆಯ ಧರ್ಮದಲ್ಲಿ, ಪತಿವ್ರತಾಧರ್ಮವನ್ನು ಬೋಧಿಸುತ್ತಲೇ, ಹೆಣ್ಣನ್ನು ಹಳಿಯುವವರನ್ನು ಹೆತ್ತು ಸಾಕಿದವಳೂ ಹೆಣ್ಣೇ ಎಂಬ ಯುಕ್ತಿಯಿಂದ ಅವರ ಬಾಯನ್ನು ಕಟ್ಟುತ್ತಾಳೆ. ಕೇಳುವವನು ಅಲ್ಲಗಳೆಯಲಾರದ ಸಂಗತಿಯಿಂದ ಮೊದಲಿಡುವ ಈ ಕ್ರಮವು ಮನವೊಲಿಕೆಯ ಪರಮೋಪಾಯಗಳಲ್ಲೊಂದು. ಬಯಲುಸೀಮೆಯ ಹರದೇಶಿ-ನಾಗೇಶಿ ಹಾಡಿಕೆಯವರು ಗಂಡು ಹೆಚ್ಚೆ ಹೆಣ್ಣು ಹೆಚ್ಚೆ ಎಂಬ ಸವಾಲು-ಜವಾಬನ್ನೂ, ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಳೆಯ ಅರ್ಥಧಾರಿಗಳು ಆಶುಸಂವಾದವನ್ನೂ ಜನಸಾಮಾನ್ಯರ ಮನರಂಜನೆಯನ್ನಾಗಿಸಿದರು.

ನ್ಯಾಯಕಟ್ಟೆ

ಗೌಡ, ಶಾನುಭೋಗ, ಕುಲದ ಯಜಮಾನರು ಅರಳಿಕಟ್ಟೆಯಲ್ಲಿ ಸೇರಿ ನ್ಯಾಯ ಹೇಳುವ ಪದ್ಧತಿಯು ಬಹುಕಾಲದ್ದಾದರೂ ಅದರ ಕ್ರಮಬದ್ಧ ಅಧ್ಯಯನವು ತೀರ ಈಚಿನದು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ನೆಲೆಸಿ ಸಂಗ್ರಹಿಸಿದ ಸಾಮಗ್ರಿಯಿಂದ ಹಳ್ಳಿಯ ವ್ಯಾಜ್ಯಗಳ ವ್ಯಾಸಂಗಕ್ಕೆ ಹೊಸ ಅಸ್ತಿಭಾರ ದೊರೆಯಿತು. ಮಡಿವಾಳರ ಕುಲವ್ಯಾಜ್ಯವೊಂದನ್ನು ಕುರಿತ ಅವರ ಪ್ರಬಂಧವು 1954ರಲ್ಲಿ ಪ್ರಕಟವಾಯಿತು. ಅವರ ಟಿಪ್ಪಣಿಗಳ ಪರಿಷ್ಕೃತ ಪ್ರತಿಗಳು 1970ರಲ್ಲಿ ಬೆಂಕಿಗೆ ಆಹುತಿಯಾದಾಗ, ಗ್ರಾಮವನ್ನು ಕುರಿತ ಮುಖ್ಯಗ್ರಂಥವನ್ನು ಬಹುಮಟ್ಟಿಗೆ ನೆನಪಿನಿಂದ ಬರೆಯಬೇಕಾಯಿತು. ಕಟ್ಟೆಯ ಮಾತಿನಲ್ಲಿ ಗಾದೆಯು ಪ್ರಮಾಣ, ದೇವರ ಮುಂದಿನ ಆಣೆಯು ಕಡೆಯ ಸಾಕ್ಷ್ಯ, ತಪ್ಪುಕಾಣಿಕೆಯು ದಂಡ, ಮುಚ್ಚಳಿಕೆಯು ತೀರ್ಪಿನ ಮುದ್ರೆ. ನ್ಯಾಯ ಹೇಳುವವರಿಗೆ ಎರಡು ಪಕ್ಷಗಳೂ ಮರುದಿನ ಒಂದೇ ಕೆರೆಯ ನೀರನ್ನು ಹಂಚಿಕೊಳ್ಳಬೇಕೆಂಬ ಎಚ್ಚರವಿದ್ದಿತು. ಆದ್ದರಿಂದ ಸೋತವನಿಗೂ ಮುಖ ಉಳಿಯುವಂತೆ ತೀರ್ಮಾನವನ್ನು ರಚಿಸುತ್ತಿದ್ದರು. ಇದು ಆ ಪದ್ಧತಿಯ ಗುಣ. ಅದರ ದೋಷವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು: ಹೆಂಗಸರಿಗೂ ಅಸ್ಪೃಶ್ಯರೆನಿಸಿದವರಿಗೂ ಕಟ್ಟೆಯ ಮೇಲೆ ಸಮಾನವಾದ ಸ್ಥಾನವಿರಲಿಲ್ಲ, ಅವರ ವಾದವನ್ನು ಬೇರೆಯವರು ಹೇಳುತ್ತಿದ್ದರು, ಅಥವಾ ಯಾರೂ ಹೇಳುತ್ತಿರಲಿಲ್ಲ, ಬಹಿಷ್ಕಾರವೆಂಬ ಆಯುಧವು ದುರ್ಬಲರ ಮೇಲೆಯೇ ಹೆಚ್ಚಾಗಿ ಬಿದ್ದಿತು.

ಆಧುನಿಕ ಕಾಲ

ದಿವಾನ್ ರಂಗಾಚಾರ್ಲು ಅವರ ಪ್ರಯತ್ನದಿಂದ 1881ರ ಅಕ್ಟೋಬರಿನಲ್ಲಿ 144 ಸದಸ್ಯರೊಡನೆ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯು, ಕೆರೆ, ರಸ್ತೆ, ಕಂದಾಯಗಳ ಅಹವಾಲನ್ನು ಸರ್ಕಾರದ ಮುಂದೆ ಕಾರಣಸಹಿತ ಮಂಡಿಸುವ ಅಭ್ಯಾಸಕ್ಕೆ ಎಡೆಮಾಡಿತು. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಯಲ್ಲಿ ಊರಿನ ಮತದಾರರೆಲ್ಲರಿಗೂ ಮಾತಿನ ಹಕ್ಕನ್ನಿತ್ತು, ಚುನಾಯಿತ ಸ್ಥಾನಗಳಲ್ಲಿ ಹೆಂಗಸರಿಗೂ ಪರಿಶಿಷ್ಟರಿಗೂ ಮೀಸಲಾತಿಯನ್ನು ಕಲ್ಪಿಸಿದುದರಿಂದ, ಹಳೆಯ ಕಟ್ಟೆಯ ಮುಖ್ಯ ಕೊರತೆಯು ವಿಧಿಯ ಮಟ್ಟದಲ್ಲಿಯಾದರೂ ನೀಗಿತು. ಆದರೆ ನಡವಳಿ ಪುಸ್ತಕದ ಪದ್ಧತಿಯು ಪ್ರಾಚೀನ ಶಾಸನದ ಪದ್ಧತಿಯೇ ಆಗಿದೆ: ನಿರ್ಣಯವನ್ನು ಬರೆದಿಡುವರು, ನಿರ್ಣಯಕ್ಕೆ ಕಾರಣವಾದ ಮಾತನ್ನು ಬರೆದಿಡುವುದು ಅಪರೂಪ. ಹಳೆಯ ಮನೆತನಗಳಲ್ಲಿ ಉಳಿದಿರುವ ಮುಚ್ಚಳಿಕೆಗಳನ್ನು ಸಂಗ್ರಹಿಸುವುದೂ, ಗ್ರಾಮಸಭೆಗಳಲ್ಲಿ ಮೊದಲ ಬಾರಿಗೆ ಎದ್ದುನಿಂತು ತಮ್ಮ ಪಕ್ಷವನ್ನು ತಾವೇ ಮಂಡಿಸುತ್ತಿರುವವರ ವಾದಗಳನ್ನು ಅವರ ಮಾತಿನಲ್ಲಿಯೇ ದಾಖಲಿಸುವುದೂ ಈ ವಿಷಯದ ಮುಂದಿನ ಅಧ್ಯಯನಕ್ಕೆ ಅತ್ಯವಶ್ಯ.