ತೋಟ, ಸಂತೆ, ಸಾಕ್ಷಿ: ತೆಂಗಿನ ಸೀಮೆಯ ಸಭಾಚರಿತ್ರೆಗೆ ಒಂದು ಟಿಪ್ಪಣಿ

1877ರಲ್ಲಿ ಲಂಡನ್ನಿನಲ್ಲಿ ‘ಓಲ್ಡ್ ಡೇನಿಯಲ್’ ಎಂಬ ಪುಸ್ತಕವೊಂದು ಅಚ್ಚಾಯಿತು. ಬರೆದವರು ವೆಸ್ಲಿಯನ್ ಮಿಷನೆರಿ ಥಾಮಸ್ ಹಾಡ್ಸನ್ನರು. ನಲವತ್ತು ವರ್ಷಗಳ ಹಿಂದೆ, 1837ರಲ್ಲಿ, ಗುಬ್ಬಿಯಲ್ಲಿ ಮಿಷನ್ ಕೆಲಸಕ್ಕೆ ತಳಹದಿ ಹಾಕಿದವರೂ ಅವರೇ. ಇಷ್ಟು ದೀರ್ಘ ಸೇವೆಯ ಬಳಿಕ ಅವರು ತಮ್ಮ ಕಥೆಯನ್ನೇ ಬರೆದುಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ಆರಿಸಿಕೊಂಡದ್ದು ಕ್ರಿಸ್ತನನ್ನು ಅಂಗೀಕರಿಸಿದ ಒಬ್ಬ ವೃದ್ಧನ ಬಾಳನ್ನು. ಗುಬ್ಬಿ ಸರ್ಕ್ಯೂಟಿನ ಕೆಲಸವನ್ನೂ ಹಳ್ಳಿಬಾಳಿನ ವಿವರಣೆಯನ್ನೂ ಕೂಡಿಸಿದ್ದಾಗಿ ಪುಸ್ತಕದ ಉಪಶೀರ್ಷಿಕೆ ಹೇಳುತ್ತದೆ. ವಿಶ್ವಾಸಿಯ ಬಾಳನ್ನು ಅವನ ಊರಿನ ಬಾಳಿನಿಂದ ಬಿಡಿಸಿ ಹೇಳಲಾಗದೆಂಬ ಅರಿವು ಆ ಶೀರ್ಷಿಕೆಯಲ್ಲೇ ಇದೆ. ಅನಂತರದ ನಮ್ಮ ಸಭಾಚರಿತ್ರೆಗಳು ಈ ಅರಿವನ್ನು ಅಷ್ಟಾಗಿ ಉಳಿಸಿಕೊಳ್ಳಲಿಲ್ಲ. ಯಾರು ಯಾವ ವರ್ಷ ಬಂದರು, ಯಾವ ವರ್ಷ ಹೋದರು ಎಂಬ ಪಟ್ಟಿಗಳೇ ಅವುಗಳಲ್ಲಿ ಹೆಚ್ಚು.

ಗುಬ್ಬಿಯ ಪಡುವಣಕ್ಕೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಅವುಗಳಾಚೆ ತಿಪಟೂರು. 1800ರಲ್ಲಿ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ತೆಂಗಿನ ತೋಟಗಳನ್ನೂ ಗುಬ್ಬಿಯ ವ್ಯಾಪಾರವನ್ನೂ ವರ್ಣಿಸಿದ್ದಾನೆ. 1839ರಿಂದ 1841ರವರೆಗೆ ಗುಬ್ಬಿಯಲ್ಲಿದ್ದ ವಿಲಿಯಂ ಆರ್ಥರರು ಕನ್ನಡ ಕಲಿತು ಈ ಜನರ ನಡುವೆ ಸಾರಿದರು. ಅವರ ಕೇಳುಗರು ಬರಿಯ ಮಾತಿಗೆ ಒಲಿಯುವ ಜನರಾಗಿರಲಿಲ್ಲ. ಕಾಯಕವೆಂಬ ಮಾತನ್ನು ಶತಮಾನಗಳಿಂದ ಬಲ್ಲ ಶರಣ ಪರಂಪರೆಯ ನಾಡು ಇದು. ನಡೆಯನ್ನು ನೋಡಿದ ಮೇಲೆಯೇ ನುಡಿಗೆ ಬೆಲೆ ಕಟ್ಟುವ ನಾಡು. ಆದಕಾರಣ ಸುವಾರ್ತೆಯನ್ನು ಸಾರಿದವನೂ ಅದನ್ನು ಅಂಗೀಕರಿಸಿದವನೂ ದುಡಿಮೆಯಲ್ಲಿ, ಕೊಡುಕೊಳ್ಳುವಿಕೆಯಲ್ಲಿ ಹೇಗಿದ್ದಾನೆಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಏಳುತ್ತಿತ್ತು.

ಹೊಲದ ಬೇಸಾಯಕ್ಕೂ ತೋಟದ ಬೇಸಾಯಕ್ಕೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ರಾಗಿ ಬಿತ್ತಿದವನು ಕೆಲವೇ ತಿಂಗಳಲ್ಲಿ ಕಣ ಮಾಡುತ್ತಾನೆ. ನಾಟಿ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಬಂದ ಮೇಲೆ ಅರವತ್ತು ವರ್ಷಕ್ಕೂ ಮೀರಿ ಕಾಯಿ ಬಿಡುತ್ತದೆ. ಅಜ್ಜ ನೆಟ್ಟುದನ್ನು ಮೊಮ್ಮಗ ಕೆಡವುವುದೇ ಇಲ್ಲಿ ಆಸ್ತಿಯ ಅರ್ಥ. ದೀಕ್ಷಾಸ್ನಾನ ಪಡೆದು ಕೂಡುಕುಟುಂಬದಿಂದ ಹೊರಬಿದ್ದವನು ಕಳೆದುಕೊಳ್ಳುತ್ತಿದ್ದುದು ಒಂದು ವರ್ಷದ ಬೆಳೆಯನ್ನಲ್ಲ, ಎರಡು ತಲೆಮಾರಿನ ಶ್ರಮದ ಪಾಲನ್ನು. ಮತವನ್ನು ಬಿಟ್ಟುದರಿಂದ ಪಿತ್ರಾರ್ಜಿತ ಹಕ್ಕು ಹೋಗಬಾರದೆಂದು 1850ರಲ್ಲಿ ಕಾಯ್ದೆಯಾಯಿತು ನಿಜ. ಆದರೆ ಅದು ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶಗಳಿಗೆ ಮಾಡಿದ ಕಾಯ್ದೆ. ಮೈಸೂರು 1831ರಿಂದ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದರೂ ಕಂಪನಿಯ ರಾಜ್ಯಕ್ಕೆ ಸೇರಿರಲಿಲ್ಲ. ಹಳ್ಳಿಗಳಲ್ಲಿ ಸಭೆ ಬೆಳೆಯದಿದ್ದುದಕ್ಕೆ ಕೇಳುಗರ ಹೃದಯಕಾಠಿಣ್ಯವನ್ನು ಕಾರಣವಾಗಿ ಹೇಳುವುದು ವಾಡಿಕೆ. ತೋಟದ ಹಿಸ್ಸೆಯ ಲೆಕ್ಕವೂ ಅದರೊಡನೆ ಸೇರಿತ್ತೆಂದು ನನ್ನ ಅಭಿಪ್ರಾಯ. ಆ ಲೆಕ್ಕವನ್ನು ಅವಿಶ್ವಾಸವೆಂದು ಕರೆಯಲು ನನಗೆ ಮನಸ್ಸಿಲ್ಲ.

ಹಾಡ್ಸನ್ನರ ಪುಸ್ತಕ ಅಚ್ಚಾದ ವರ್ಷವೇ ಮೈಸೂರು ಸೀಮೆ ಮಹಾಕ್ಷಾಮದಲ್ಲಿ ಬೇಯುತ್ತಿತ್ತು. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ವೆಸ್ಲಿಯನ್ನರು ತುಮಕೂರಿನಲ್ಲಿ ಗಂಡುಮಕ್ಕಳಿಗೂ ಹಾಸನದಲ್ಲಿ ಹೆಣ್ಣುಮಕ್ಕಳಿಗೂ ಅನಾಥಾಲಯಗಳನ್ನು ತೆರೆದರು. ಈ ಎರಡು ಊರುಗಳ ನಡುವೆಯೇ ತೆಂಗಿನ ಸೀಮೆ ಇದೆ. ಮೊದಲ ವಿಶ್ವಾಸಿಗೆ ಬಿಟ್ಟುಬರಲು ತೋಟವಾದರೂ ಇದ್ದಿರಬಹುದು. ಈ ಮಕ್ಕಳಿಗೆ ಬಿಡಲು ಏನೂ ಇರಲಿಲ್ಲ. ಇಂಥವರಿಗೆ ತೋಟದ ಬದಲು ಕೈಕೆಲಸವೂ ಸಂಬಳವೂ, ಕೇರಿಯ ಬದಲು ಮಿಷನ್ ಕಾಂಪೌಂಡೂ ಆಸರೆಯಾದುವು. ಕಾಂಪೌಂಡು ಪ್ರಾಣ ಉಳಿಸಿತು. ಆ ಋಣವನ್ನು ಹಗುರವಾಗಿ ಎಣಿಸಬಾರದು. ಆದರೆ ಅದರ ಗೋಡೆಯೊಳಗೆ ವಿಶ್ವಾಸದ ಪರೀಕ್ಷೆ ಪ್ರಾರ್ಥನೆ, ಶಿಸ್ತು, ಶಾಲೆಗಳಿಗೆ ಸೀಮಿತವಾಯಿತು. ಸಂತೆಯ ತಕ್ಕಡಿಯೂ ಕೂಲಿಯ ಬಟವಾಡೆಯೂ ಧರ್ಮೋಪದೇಶದಿಂದ ಮೆಲ್ಲನೆ ಹಿಂದೆ ಸರಿದುವು.

ಸತ್ಯವೇದದಲ್ಲಿ ದ್ರಾಕ್ಷೆ, ಅಂಜೂರ, ಖರ್ಜೂರಗಳಿವೆ; ತೆಂಗು ಇಲ್ಲ. ಆದರೂ ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯವನ್ನು ತಿಪಟೂರಿನಲ್ಲಿ ಕುಳಿತು ಓದುವವನಿಗೆ ಅದು ಪರದೇಶದ ಮಾತೆನಿಸದು. ನೆಟ್ಟ ಮರದ ಹಣ್ಣನ್ನು ಮೊದಲ ಮೂರು ವರ್ಷ ಮುಟ್ಟಬಾರದು, ನಾಲ್ಕನೆಯ ವರ್ಷದ್ದು ಕರ್ತನದು, ಐದನೆಯ ವರ್ಷ ನೆಟ್ಟವನು ತಿನ್ನಬಹುದು ಎನ್ನುತ್ತವೆ 23ರಿಂದ 25ನೆಯ ವಚನಗಳು. ನಮ್ಮ ತೆಂಗು ಐದನೆಯ ವರ್ಷವೂ ಸಾಮಾನ್ಯವಾಗಿ ಬರಿಗೈಯಲ್ಲೇ ನಿಂತಿರುತ್ತದೆ ಎಂಬುದು ಬೇರೆ ಮಾತು! ಅದೇ ಅಧ್ಯಾಯ ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂದೂ ತಕ್ಕಡಿ, ಕಲ್ಲು, ಅಳತೆಗಳು ನ್ಯಾಯವಾಗಿರಬೇಕೆಂದೂ ವಿಧಿಸುತ್ತದೆ. ತೋಟವನ್ನೂ ಸಂತೆಯನ್ನೂ ಪರಿಶುದ್ಧತೆಯ ಒಂದೇ ಆಜ್ಞೆಯಡಿ ತಂದ ಅಧ್ಯಾಯವಿದು.

ಇಲ್ಲಿನ ಕೊಬ್ಬರಿಯ ಕ್ರಮವನ್ನು ಬಲ್ಲವರಿಗೆ ಈ ಜೋಡಣೆ ಚೆನ್ನಾಗಿ ತಿಳಿದೀತು. ಬಲಿತ ಕಾಯಿಯನ್ನು ಸಿಪ್ಪೆ ಸಹಿತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು, ಅಲುಗಿಸಿದರೆ ಸದ್ದಾಗುವವರೆಗೆ ಕಾಯಬೇಕು. ಬಳಿಕ ಸುಲಿದು, ಕರಟ ಒಡೆದು, ಉಂಡೆಯನ್ನು ಒಡೆಯದಂತೆ ತೆಗೆಯುವವರು ಕೂಲಿಯವರು. ಮರ ಹತ್ತುವವನ ಮೈ ನಿತ್ಯವೂ ಅಪಾಯದಲ್ಲಿ. ಬೆಳೆಗಾರನು ವರ್ಷವಿಡೀ ಕಾದದ್ದರ ಬೆಲೆ ಮಾರುಕಟ್ಟೆಯಲ್ಲಿ ಕ್ಷಣದಲ್ಲಿ ನಿಶ್ಚಯವಾಗುತ್ತದೆ. ಕೂಲಿಯವನು ಒಂದು ವಾರವೂ ಕಾಯಲಾರ. ಇಬ್ಬರ ಕಾಲಮಾನವೂ ಬೇರೆ. ಇಬ್ಬರೂ ಒಂದೇ ಆಲಯದಲ್ಲಿ ಒಂದೇ ರೊಟ್ಟಿಯಲ್ಲಿ ಪಾಲುಗಾರರಾದ ದಿನ ಬಟವಾಡೆಯ ಪ್ರಶ್ನೆ ಕರ್ತನ ಭೋಜನದ ಪ್ರಶ್ನೆಯೂ ಆಗುತ್ತದೆ. ಕೊರಿಂಥದ ಸಭೆಗೆ ಪೌಲನು ಬರೆದುದು ಇಂಥದೇ ವಿಷಯವನ್ನು ಕುರಿತು.

ಕನ್ನಡದಲ್ಲೇ ಬೋಧಕರನ್ನು ಸಿದ್ಧಪಡಿಸುತ್ತಿದ್ದ ಯೂನಿಯನ್ ಕೆನರೀಸ್ ಸೆಮಿನರಿ ಬಹುಕಾಲ ತುಮಕೂರಿನಲ್ಲಿತ್ತು, ತೋಟಗಳಿಗೆ ಕೂಗಳತೆಯಲ್ಲಿ. 1965ರಲ್ಲಿ ಅದು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೊಡನೆ ಕೂಡಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು. ತುಮಕೂರು, ಹಾಸನ ಸೀಮೆಗಳ ಸಭಾಚರಿತ್ರೆಯನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳು ಮಿಷನೆರಿಗಳ ವರದಿಗಳಿಂದ ಆರಂಭಿಸುವುದು ರೂಢಿ. ದೀಕ್ಷಾಸ್ನಾನದ ಹಳೆಯ ರಿಜಿಸ್ಟರುಗಳಲ್ಲಿ ಸಾಮಾನ್ಯವಾಗಿ ತಂದೆಯ ವೃತ್ತಿಗೆ ಒಂದು ಅಂಕಣವಿರುತ್ತದೆ. ಮೊದಲು ಓದಬೇಕಾದದ್ದು ಅದನ್ನು, ತಲೆಮಾರಿನಿಂದ ತಲೆಮಾರಿಗೆ, ಕೂಲಿ, ಬಡಗಿ, ಉಪಾಧ್ಯಾಯ ಎಂದು ಆ ಒಂದು ಪದ ಹೇಗೆ ಬದಲಾಗುತ್ತ ಹೋಯಿತೆಂಬುದನ್ನು ಗಮನಿಸುತ್ತ.